ಅಜ್ಜಿ ಒಡ್ಡಿದ ಅಂಗೈ

ಕಗ್ಗಲಕೊಪ್ಪಲು, ಪಿರಿಯಾಪಟ್ಟಣ ತಾಲ್ಲೂಕು
ತಾ. ೮-೩-೧೯೫೪

ನೀಲಕಂಠನಿಗೆ ನಿಮ್ಮಜ್ಜಿ ಪುಟ್ಟಮಲ್ಲಮ್ಮ ಹರಸಿ ಬರೆದದ್ದು.

ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕು ಎಂದು ಕೂಲಿಮಠದ ಅಯ್ಯ ಕಲಿಸಿದ್ದರು. ಅವರು ಕಲಿಸಿದ್ದು ಅಷ್ಟೇ. ಕಾಗುಣಿತ ಮುಗಿಯುವುದರೊಳಗೆ ನನಗೆ ಮದುವೆ ಮಾಡಿಬಿಟ್ಟರು. ಎಲ್ಲರೂ ಕ್ಷೇಮ. ನಾನೊಬ್ಬಳು ಸಿಟ್ಟಿನಲ್ಲಿದ್ದೇನೆ.

ಶಿವರಾತ್ರಿಗೆ ಬರುತ್ತೇನೆ ಎಂದವನು ಬರಲಿಲ್ಲ. ಬಸ್ಸು ನಿಂತಾಗಲೆಲ್ಲ ನಿಮ್ಮ ಚಿಕ್ಕಪ್ಪ ಶಿವನಂಜಪ್ಪ ರಸ್ತೆಗೆ ಹೋಗಿ ನೋಡಿ ಬರುತ್ತಿದ್ದ. ಇಳಿದದ್ದು ಪಕ್ಕದ ಮನೆ ದೊಡ್ಡತಾಯಮ್ಮನ ಅಳಿಯ. ಅವನ ಮುಖ ನೋಡಿಕೊಂಡು ಉಪವಾಸ ಬಿಡುವ ಕರ್ಮ ನನ್ನದಾಯಿತು. ಆಮೇಲೆ ನಿನ್ನ ಕಾರ್ಡು ಬಂತು. "ಮರ ಇಳಿಸುವಾಗ ಕೈಗೆ ಸ್ವಲ್ಪ ಪೆಟ್ಟಾಗಿದೆ, ಗಾಬರಿ ಬೇಡ." ಗಾಬರಿ ಬೇಡ ಎಂದು ಬರೆದರೆ ಗಾಬರಿ ಆಗದೆ ಇರುತ್ತದೆಯೇ? ಯಾವ ಕೈ, ಯಾವ ಬೆರಳು, ಯಾರು ಔಷಧಿ ಹಾಕಿದರು, ಒಂದೂ ಇಲ್ಲ. ನಿಮ್ಮಪ್ಪನೂ ಹೀಗೇ. "ಸ್ವಲ್ಪ ಜ್ವರ" ಎಂದು ಮಲಗಿದ, ಮತ್ತೆ ಏಳಲಿಲ್ಲ. ನಮ್ಮ ಮನೆಯಲ್ಲಿ ಸ್ವಲ್ಪ ಎನ್ನುವ ಮಾತನ್ನು ನಾನು ನಂಬುವುದಿಲ್ಲ.

ಊರಿನಲ್ಲಿ ಸರ್ಕಾರದ ಕಾಕಿ ಅಂಗಿ ತೊಟ್ಟವನು ನೀನೊಬ್ಬನೇ. ಆ ಅಂಗಿ ಖಾಯಂ ಆಗುವ ತನಕ ಮೈಕೈ ಹುಷಾರಾಗಿ ನೋಡಿಕೊ. ಹುಚ್ಚೆಳ್ಳು ಚಟ್ನಿಪುಡಿ ಮಾಡಿಟ್ಟಿದ್ದೇನೆ. ಬಂದು ತಿಂದರೆ ನಿನ್ನದು. ಇಲ್ಲದಿದ್ದರೆ ದೊಡ್ಡತಾಯಮ್ಮನ ಅಳಿಯ ಇದ್ದೇ ಇದ್ದಾನೆ.

ಪುಟ್ಟಮಲ್ಲಮ್ಮ


ಹೊಳೆಬಾಗಿಲು ಮರದ ಡಿಪೋ, ಹೆಗ್ಗಡದೇವನಕೋಟೆ ತಾಲ್ಲೂಕು
ತಾ. ೨೦-೩-೧೯೫೪

ಅಜ್ಜಿಗೆ ನೀಲಕಂಠ ಮಾಡುವ ನಮಸ್ಕಾರ.

ನಿನ್ನ ಕಾಗದ ತಲುಪಿತು. ಗಾಯ ಒಣಗುತ್ತಿದೆ. ಎಡಗೈಗೆ ಆಗಿರುವುದು, ಬಲಗೈ ಚೆನ್ನಾಗಿದೆ, ಅದಕ್ಕೇ ಅಕ್ಷರ ನೆಟ್ಟಗಿದೆ ನೋಡು. ಅರಣ್ಯ ಇಲಾಖೆಯವರು ರಜೆ ಕೊಟ್ಟು ಮೈಸೂರಿನಲ್ಲಿ ಔಷಧಿ ಮಾಡಿಸಿದರು. ಈಗ ಡಿಪೋಗೆ ವಾಪಸು ಬಂದಿದ್ದೇನೆ. ನೀನು ಇಲ್ಲಿಗೆ ಬರುವ ಯೋಚನೆ ಮಾಡಬೇಡ. ಇಲ್ಲಿನ ನೀರು ಹೊಸಬರಿಗೆ ಒಗ್ಗುವುದಿಲ್ಲ, ಚಳಿಜ್ವರ ಹತ್ತುತ್ತದೆ. ಬೇಸಿಗೆಯಲ್ಲಿ ನಾನೇ ಬರುತ್ತೇನೆ.

ಚಟ್ನಿಪುಡಿಯನ್ನು ಮುದ್ದಯ್ಯನ ಕೈಯಲ್ಲಿ ಕಳಿಸು. ನಮ್ಮ ಡಿಪೋದಲ್ಲಿ ಮರ ಉರುಳಿಸುವ ಹಳೆಯ ಆಳು ಅವನು. ಮಗಳ ಮನೆಗೆಂದು ನಿಮ್ಮ ಕಡೆ ಬರುತ್ತಿದ್ದಾನೆ.

ನೀಲಕಂಠ


ಕಗ್ಗಲಕೊಪ್ಪಲು
ತಾ. ೧೨-೪-೧೯೫೪

ನೀಲಕಂಠ,

ಹರಸುವುದು ಆಮೇಲೆ.

ಮುದ್ದಯ್ಯ ಬಂದಿದ್ದ. ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟೆ. "ನಮ್ಮುಡ್ಗ ಎಂಗವ್ನೆ ಮುದ್ದಯ್ಯ?" ಅಂದೆ. "ಚೆಂದಾಗವ್ನೆ ಕಣಜ್ಜಿ" ಅಂದ. ಚೆಂದಾಗಿರುವವನ ಸುದ್ದಿ ಹೇಳುವವನು ಮಜ್ಜಿಗೆ ಲೋಟದೊಳಗೆ ಯಾಕೆ ನೋಡಬೇಕು?

"ಒತ್ತೊತ್ತಿಗೆ ಉಣ್ತಾನಾ?" ಅಂದೆ.

"ಉಣ್ಣಕ್ಕೆ ಬಲಗೈ ಒಂದಿದ್ರೆ ಸಾಕಲ್ವಾ ಅಜ್ಜಿ" ಅಂದ. ಅಂದವನು ನಾಲಿಗೆ ಕಚ್ಚಿಕೊಂಡ. ಆಮೇಲೆ ನಾನು ಬಿಡುತ್ತೇನೆಯೇ? ಎಲ್ಲ ಬಿಚ್ಚಿಸಿದೆ. ಗಾಡಿಯಿಂದ ತೇಗದ ದಿಮ್ಮಿ ಜಾರಿದ್ದು, ನಿನ್ನ ಕೈ ಅಡಿಗೆ ಸಿಕ್ಕಿದ್ದು, ಮೈಸೂರಿನಲ್ಲಿ ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿದ್ದು, ಎಲ್ಲ.

ಕೈಯೇ ಇಲ್ಲದಿರುವುದಕ್ಕೆ ನಿಮ್ಮ ಸರ್ಕಾರದಲ್ಲಿ ಸ್ವಲ್ಪ ಪೆಟ್ಟು ಎನ್ನುತ್ತಾರೋ? ಹಾಗಾದರೆ ನಿಮ್ಮ ತಾತ ಸ್ವಲ್ಪ ಸತ್ತಿದ್ದಾನೆ ಎಂದು ನಾನು ಹೇಳಬಹುದು. ಸ್ವಲ್ಪ ದಿನದಲ್ಲಿ ಬಂದಾನು.

ನಾನು ಅತ್ತೆ ಎಂದು ಬರೆಯುವುದಿಲ್ಲ. ಅತ್ತದ್ದು ನನ್ನ ಮನೆಯಲ್ಲಿ, ನನ್ನ ಒಲೆಯ ಮುಂದೆ. ಒಂದು ಮಾತು ಮಾತ್ರ ಕೇಳಬೇಕು, ಅದು ಎದೆಯಲ್ಲಿ ಕೂತುಬಿಟ್ಟಿದೆ. ನಮ್ಮವರಲ್ಲಿ ಹುಟ್ಟಿದವನು ಸ್ನಾನ ಮಾಡಿ ಕೊರಳ ಲಿಂಗ ತೆಗೆದು ಎಡಗೈ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡದೆ ಬಾಯಿಗೆ ತುತ್ತಿಡುವುದಿಲ್ಲ. ನೀನು ಈಗ ಲಿಂಗವನ್ನು ಎಲ್ಲಿ ಇಟ್ಟುಕೊಳ್ಳುತ್ತೀಯ? ಅಥವಾ ಅದನ್ನೂ ಬಿಟ್ಟೆಯೋ?

ರಜೆ ಹಾಕಿ ಬಾ. ಬಾರದಿದ್ದರೆ ಚಳಿಜ್ವರವೋ ಗಿಳಿಜ್ವರವೋ, ನಾನೇ ಬಸ್ಸು ಹತ್ತುತ್ತೇನೆ.

ಅಜ್ಜಿ


ಹೊಳೆಬಾಗಿಲು ಡಿಪೋ
ತಾ. ೬-೬-೧೯೫೪

ಅಜ್ಜಿಗೆ ನಮಸ್ಕಾರ.

ರಜೆ ಮುಗಿಸಿ ಸುಖವಾಗಿ ಬಂದು ಸೇರಿದೆ. ಊರಿನಲ್ಲಿದ್ದಷ್ಟು ದಿನ ನೀನು ನನ್ನನ್ನು ಬಯ್ಯಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಬೆಳಗ್ಗೆ ಬೆಳಗ್ಗೆ ನೀನು ಎದುರಿಗೆ ಕೂತು ನಿನ್ನ ಅಂಗೈ ಒಡ್ಡಿದೆ, ಅದರ ಮೇಲೆ ಲಿಂಗವಿಟ್ಟು ಪೂಜೆ ಮಾಡಿಕೊಂಡೆ. ಒಬ್ಬರ ಲಿಂಗ ಇನ್ನೊಬ್ಬರ ಅಂಗೈಗೆ ಹೋಗಬಾರದು ಎಂದು ಮಠದವರು ಹೇಳಿಯಾರು. ಅದು ನಮ್ಮಿಬ್ಬರಲ್ಲೇ ಇರಲಿ.

ನೀನು ಕೆಲಸದ ವಿಷಯ ಕೇಳಿದಾಗ ನಾನು ಸರಿಯಾಗಿ ಹೇಳಲಿಲ್ಲ. ಈಗ ಹೇಳುತ್ತೇನೆ. ನನ್ನನ್ನು ಆಫೀಸಿನ ಜಗಲಿಯಲ್ಲಿ ಒಂದು ಬೆಂಚಿನ ಮೇಲೆ ಕೂರಿಸಿದ್ದಾರೆ. ಹಗುರ ಕೆಲಸ ಎಂದು ಅದಕ್ಕೆ ಹೆಸರು. ಕೆಲಸ ಏನೂ ಇಲ್ಲ, ಹಗುರ ಮಾತ್ರ ಇದೆ. ಡಿಪೋ ಸಾಹೇಬರು ಕೆಟ್ಟವರಲ್ಲ. ನಾನು ಮರದ ರಾಶಿಯ ಕಡೆ ಹೆಜ್ಜೆ ಇಟ್ಟರೆ, "ಬೇಡಪ್ಪ, ನಿನಗೆ ಇನ್ನೊಂದು ಆದ್ರೆ ನಾನು ಮೇಲಿನವರಿಗೆ ಏನು ಹೇಳಲಿ" ಎನ್ನುತ್ತಾರೆ. ಬಂದು ಹೋಗುವ ಗಾಡಿಯವರು ಮೊದಲು ನನಗೆ ಕೈಮುಗಿಯುತ್ತಿದ್ದರು. ಈಗ ಬೆಂಚಿನ ಹತ್ತಿರ ಬಂದು ಬೀಡಿ ಹಚ್ಚಿಕೊಂಡು ಅಯ್ಯೋ ಪಾಪ ಎಂದು ಹೋಗುತ್ತಾರೆ.

ಆಷಾಢ ಕಳೆದ ಮೇಲೆ ದೊಡ್ಡ ಸಾಹೇಬರು ತನಿಖೆಗೆ ಬರುತ್ತಾರೆ. ನನ್ನನ್ನು ಇಟ್ಟುಕೊಳ್ಳುವುದೋ ಮನೆಗೆ ಕಳಿಸುವುದೋ ಅವತ್ತು ತೀರ್ಮಾನ. ಅಷ್ಟರೊಳಗೆ ನಾನು ಮಾಡಬೇಕಾದದ್ದನ್ನು ಮಾಡುತ್ತಿದ್ದೇನೆ. ಏನೆಂದು ಈಗ ಕೇಳಬೇಡ. ಯಾರ ಹತ್ತಿರವೂ ಏನೂ ಹೇಳಬೇಡ.

ನೀಲಕಂಠ


ಕಗ್ಗಲಕೊಪ್ಪಲು
ತಾ. ೨೮-೬-೧೯೫೪

ನೀಲಕಂಠನಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಶಿವನಂಜಪ್ಪನ ಕೈಯಲ್ಲಿ ಇನ್ನೊಮ್ಮೆ ಓದಿಸಿದೆ, ನಾನೇ ತಪ್ಪು ಓದಿದೆನೇನೋ ಎಂದು. ಕೂರಿಸಿ ಸಂಬಳ ಕೊಡುವ ಧಣಿಯನ್ನು ನಾನು ಈ ವಯಸ್ಸಿನವರೆಗೆ ಕಂಡಿಲ್ಲ. ಕೂರಿಸುವುದು ಯಾತಕ್ಕೆ ಎಂದು ಮಾತ್ರ ಗೊತ್ತು. ಕಟುಕನ ಮನೆಯಲ್ಲಿ ಕುರಿಗೆ ಕೂಡ ಕೆಲಸ ಇರುವುದಿಲ್ಲ.

ನಿಮ್ಮ ತಾತನ ಕಾಲದಲ್ಲಿ ನಮ್ಮ ಒಂಟಿಕೊಂಬಿನ ಎತ್ತು ಕಾಲು ಮುರಿದುಕೊಂಡಿತು. ಸಂತೆಗೆ ಹೊಡಿ ಎಂದರು ಊರವರು. ನಿಮ್ಮ ತಾತ ಅದನ್ನು ಕಣದಲ್ಲಿ ರಾಗಿ ತುಳಿಸುವಾಗ ನಡುಗೂಟದ ಪಕ್ಕಕ್ಕೆ ಕಟ್ಟಿದ. ಅಲ್ಲಿ ಕಟ್ಟಿದ ಎತ್ತು ಸುತ್ತುವುದು ಕಡಿಮೆ, ನಿಂತಲ್ಲೇ ತಿರುಗಿದರೆ ಸಾಕು. ಅದು ಸಾಯುವ ತನಕ ತುಳಿಯಿತು. ಕುಂಟೆತ್ತಿಗೆ ಯಾವ ಜಾಗ ಎಂದು ಅಕ್ಷರ ಬಾರದ ಅವನಿಗೆ ಗೊತ್ತಿತ್ತು. ನಿಮ್ಮ ಆಫೀಸಿನಲ್ಲಿ ಅಷ್ಟು ಓದಿದವರು ಯಾರೂ ಇಲ್ಲವೇನೋ.

ಯಾರ ಹತ್ತಿರವೂ ಹೇಳಬೇಡ ಎಂದಿದ್ದೀಯ. ಹೇಳುವುದಿಲ್ಲ. ನನ್ನ ಬಾಯಿ ಊರಿಗೇ ಗೊತ್ತು. ಸುಮ್ಮನಿರುವುದೂ ನನಗೆ ಬರುತ್ತದೆ, ಯಾರೂ ನೋಡಿಲ್ಲ ಅಷ್ಟೇ.

ನಿಮ್ಮ ದೊಡ್ಡ ಸಾಹೇಬರು ನಮ್ಮ ಪಿರಿಯಾಪಟ್ಟಣದ ಬಂಗಲೆಗೂ ಬಂದು ಇಳಿದುಕೊಳ್ಳುತ್ತಾರಂತೆ ಎಂದು ಶಿವನಂಜಪ್ಪ ಹೇಳಿದ. ಸುಮ್ಮನೆ ಬರೆದೆ.

ಅಜ್ಜಿ


ಕಗ್ಗಲಕೊಪ್ಪಲು
ತಾ. ೧೯-೭-೧೯೫೪

ನನ್ನ ಬಂಗಾರ ನೀಲಕಂಠನಿಗೆ ಅಜ್ಜಿಯ ತುಂಬಾ ಆಶೀರ್ವಾದ.

ಇನ್ನು ನೀನು ಹೆದರಬೇಕಾಗಿಲ್ಲ. ನಾನು ದೊಡ್ಡ ಸಾಹೇಬರನ್ನು ನೋಡಿಬಂದೆ.

ಬಯ್ಯಬೇಡ, ಪೂರ್ತಿ ಓದು. ಹೋದ ಸೋಮವಾರ ಶಿವನಂಜಪ್ಪನನ್ನು ಕರೆದುಕೊಂಡು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂಗಲೆಗೆ ಹೋದೆ. ಜವಾನ ಬಾಗಿಲಲ್ಲೇ ತಡೆದ. ಬೇರೆ ದಿನವಾಗಿದ್ದರೆ ಅವನ ಮೀಸೆ ಅವನ ಕೈಗೆ ಕೊಡುತ್ತಿದ್ದೆ. "ಅಪ್ಪಾ, ನಿಮ್ಮವ್ವ ಅನ್ಕೊ" ಅಂದೆ. ಒಳಗೆ ಬಿಟ್ಟ. ಶಿವನಂಜಪ್ಪ ನನ್ನ ಮುಖವನ್ನೇ ನೋಡುತ್ತಿದ್ದ, ಇವಳು ಯಾರ ತಾಯಿ ಎನ್ನುವ ಹಾಗೆ.

ದೊಡ್ಡವರ ಹತ್ತಿರ ಕೇಳುವುದಕ್ಕೆ ಒಂದು ಕ್ರಮ ಇದೆ. ಗೌಡರ ಹತ್ತಿರ ಬಿತ್ತನೆ ರಾಗಿ ಕೇಳುವವನು, ಮನೆಯಲ್ಲಿ ಗುಡಾಣ ತುಂಬಿದ್ದರೂ ಒಲೆ ಹಚ್ಚಿಲ್ಲ ಬುದ್ದಿ ಎನ್ನಬೇಕು. ಸುಳ್ಳೆಂದು ಗೌಡರಿಗೂ ಗೊತ್ತು. ಬಗ್ಗಿದ್ದನ್ನು ನೋಡಿ ಕೊಡುತ್ತಾರೆ. ನಾನು ಹುಟ್ಟಿದಾರಭ್ಯ ಯಾರಿಗೂ ಹಾಗೆ ಬಗ್ಗಿದವಳಲ್ಲ. ಅವತ್ತು ಬಗ್ಗಿದೆ.

"ಬುದ್ದಿ, ನಮ್ಮುಡ್ಗ ನೀಲಕಂಠ ನಿಮ್ಮ ಡಿಪೋದಾಗವ್ನೆ. ಕೈ ಓಗ್ಬುಟ್ಟದೆ. ಪಂಚೆ ಉಟ್ಕಳಕಾಗಕಿಲ್ಲ, ಕಲಸಿ ಕೊಟ್ರೆ ಉಣ್ತಾನೆ. ಲಿಂಗಪೂಜೆಗೂ ನಾನೇ ಅಂಗೈ ಒಡ್ಬೇಕು. ಯಾತಕ್ಕೂ ಬಾರದ ಮಗ. ನಿಮ್ಮ ಪಾದದ ತಾವು ಬಿದ್ದಿರ್ಲಿ, ಕೈ ಬುಡಬ್ಯಾಡಿ" ಅಂದೆ.

ಸಾಹೇಬರು ಚಹಾ ಕೆಳಗಿಟ್ಟರು. ಕಣ್ಣು ಒದ್ದೆಯಾಗಿತ್ತು, ನಾನೇ ನೋಡಿದೆ. "ಪೂಜೆಗೂ ನೀವೇ ಕೈ ಒಡ್ಡಬೇಕೇನಮ್ಮ?" ಎಂದರು. "ಊಂ ಬುದ್ದಿ" ಅಂದೆ. ಪಕ್ಕದಲ್ಲಿದ್ದ ಗುಮಾಸ್ತನಿಗೆ ಏನೋ ಇಂಗ್ಲೀಷಿನಲ್ಲಿ ಹೇಳಿದರು. ಆಮೇಲೆ, "ನೀವು ನಿಶ್ಚಿಂತೆಯಿಂದ ಊರಿಗೆ ಹೋಗಿ ಅಜ್ಜಿ. ಆ ಹುಡುಗನಿಗೆ ಇನ್ನು ಯಾರೂ ಕಷ್ಟ ಕೊಡದ ಹಾಗೆ ನಾನು ನೋಡ್ಕೋತೀನಿ" ಎಂದರು. ಬಾಳೆಹಣ್ಣು ಕೂಡ ಮುಟ್ಟಲಿಲ್ಲ. ಅಂಥ ಮನುಷ್ಯ.

ಬರುವಾಗ ಶಿವನಂಜಪ್ಪ, "ಅವ್ವಾ, ಅವ್ನು ಊರ್ಗೆ ಬಂದಾಗ ಪಂಚೆ ಅವ್ನೇ ಉಟ್ಕತಿದ್ನಲ್ಲ" ಅಂದ. "ನಿಂಗೆ ಕೇಳೋ ಕ್ರಮ ಗೊತ್ತಿಲ್ಲ, ಸುಮ್ಕೆ ನಡಿಲಾ" ಅಂದೆ.

ನಂಜನಗೂಡಿಗೆ ಹರಕೆ ಹೊತ್ತಿದ್ದೇನೆ. ನಿನ್ನ ಕೆಲಸ ಖಾಯಂ ಆದ ದಿನ ಹೋಗೋಣ.

ನಿನ್ನ ಅಜ್ಜಿ


ಕಗ್ಗಲಕೊಪ್ಪಲು
ತಾ. ೨೩-೮-೧೯೫೪

ನೀಲಕಂಠ, ಕಾಗದ ಇಲ್ಲ. ಕೋಪ ಮಾಡಿಕೊಂಡಿದ್ದೀಯ, ಯಾರ ಹತ್ತಿರವೂ ಹೇಳಬೇಡ ಎಂದಿದ್ದೆ, ನಾನು ಹೇಳಿದೆ. ಖಾಯಂ ಆದ ಮೇಲೆ ಕೋಪ ಇಳಿಯುತ್ತದೆ ಬಿಡು. ಶ್ರಾವಣ ಮುಗಿಯುತ್ತಾ ಬಂತು. ತನಿಖೆ ಆಯಿತೇ? ಒಂದು ಗೆರೆ ಬರೆ. ಕಾರ್ಡು ಸಾಕು.

ಅಜ್ಜಿ


ಹುಣಸೂರು
ತಾ. ೨-೯-೧೯೫೪

ಅಜ್ಜಿಗೆ,

ನಾನು ಈಗ ಡಿಪೋದಲ್ಲಿಲ್ಲ. ಆ ವಿಳಾಸಕ್ಕೆ ಬರೆಯಬೇಡ.

ಏನಾಯಿತು ಎಂದು ಹೇಳುತ್ತೇನೆ. ಡಿಪೋದಿಂದ ಹೊರಗೆ ಹೋಗುವ ಪ್ರತಿ ದಿಮ್ಮಿಯ ಕೊಯ್ದ ಮುಖಕ್ಕೆ ಸರ್ಕಾರದ ಮುದ್ರೆ ಬೀಳಬೇಕು. ಅದಕ್ಕೊಂದು ಸುತ್ತಿಗೆ ಇದೆ, ಅದರ ತುದಿಯಲ್ಲೇ ಮುದ್ರೆ ಕೆತ್ತಿದೆ. ಒಂದೇ ಏಟಿಗೆ ಅಚ್ಚು ಮೂಡಬೇಕು. ಆ ಕೆಲಸಕ್ಕೆ ಒಂದು ಕೈ ಸಾಕು. ಊರಿಂದ ಬಂದಾಗಿನಿಂದ ಡಿಪೋ ಸಾಹೇಬರು ಊಟಕ್ಕೆ ಹೋದ ಹೊತ್ತಿನಲ್ಲಿ ಮುದ್ದಯ್ಯ ನನಗೆ ಹಳೆಯ ಸುತ್ತಿಗೆ ಕೊಟ್ಟು ಸೌದೆ ತುಂಡಿನ ಮೇಲೆ ಹೊಡೆಸುತ್ತಿದ್ದ. ಮೊದಲು ಮೈ ವಾಲುತ್ತಿತ್ತು. ಇನ್ನೊಂದು ಕೈಯ ಭಾರ ಇಲ್ಲದೆ ನಿಲ್ಲುವುದನ್ನು ಕಲಿಯಬೇಕಾಯಿತು. ಕಲಿತೆ. ನಾನು ಮಾಡುತ್ತಿದ್ದೇನೆ ಎಂದು ಬರೆದದ್ದು ಇದನ್ನೇ. ನಿನಗೆ ಹೇಳಿದ್ದರೆ ಸುತ್ತಿಗೆ ಬಿಸಾಕಿ ಬಾ ಅನ್ನುತ್ತೀಯ ಎಂದು ಹೇಳಲಿಲ್ಲ.

ತನಿಖೆಯ ದಿನ ದೊಡ್ಡ ಸಾಹೇಬರ ಮುಂದೆ ಒಂದು ಸಾಲು ದಿಮ್ಮಿಗೆ ಮುದ್ರೆ ಹೊಡೆದೆ. ಒಂದೂ ತಪ್ಪಲಿಲ್ಲ. ಡಿಪೋ ಸಾಹೇಬರೇ "ಭೇಷ್, ಇದು ಆಗಬಹುದು ಸಾರ್" ಎಂದರು. ದೊಡ್ಡ ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಸುಮ್ಮನೆ ಯಾಕಪ್ಪ ನಮ್ಮ ಮುಂದೆ ಇಷ್ಟು ಕಷ್ಟ ಪಡ್ತೀಯ? ನಿಮ್ಮಜ್ಜಿ ನನಗೆ ಎಲ್ಲಾ ಹೇಳಿದ್ದಾರೆ. ಊಟ ಕೂಡ ಅವರೇ ಕಲಸಿ ಕೊಡಬೇಕು, ದೇವರ ಪೂಜೆಗೂ ಅವರೇ ಅಂಗೈ ಒಡ್ಡಬೇಕು. ಮನೆಯವರು ಹೇಳೋದಕ್ಕಿಂತ ಬೇರೆ ಸಾಕ್ಷಿ ಏನು ಬೇಕು?" ಎಂದರು.

ಗಾಡಿಯವರಿದ್ದರು. ಕೂಲಿಯವರಿದ್ದರು. ನಮ್ಮವರೂ ಇಬ್ಬರಿದ್ದರು. ಎಲ್ಲರೂ ನನ್ನ ಕೊರಳ ಲಿಂಗದ ಕಡೆ ನೋಡಿದರು.

"ನಾನೇ ಊಟ ಮಾಡ್ತೀನಿ ಸಾರ್" ಅಂದೆ. "ಆಯ್ತಪ್ಪ, ಆಯ್ತು" ಎಂದರು, ಅಳುವ ಮಗುವಿಗೆ ಹೇಳುವ ಹಾಗೆ. ಕನಿಕರದ ಮೇಲೆ ನನ್ನನ್ನು ಕೆಲಸದಿಂದ ಬಿಡಿಸಿದ್ದಾರೆ. ಕನಿಕರ ಎಂಬ ಮಾತು ಆರ್ಡರಿನಲ್ಲೇ ಇದೆ.

ಪಂಚೆಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಾನೇ ಉಡುತ್ತೇನೆ. ನೀನು ನೋಡಿದ್ದೀಯ. ಲಿಂಗವನ್ನು ಡಿಪೋದಲ್ಲಿ ಮೊದಲಿನಿಂದಲೂ ಮೊಣಕಾಲ ಮೇಲಿಟ್ಟು ಪೂಜೆ ಮಾಡಿಕೊಳ್ಳುತ್ತಿದ್ದೆ. ಊರಿನಲ್ಲಿ ನೀನು ಅಂಗೈ ಒಡ್ಡಿ ಕೂತೆ. ಬೇಕಾಗಿಲ್ಲ ಎನ್ನಲು ಮನಸ್ಸು ಬರಲಿಲ್ಲ. ಹೇಳಿಬಿಡಬೇಕಾಗಿತ್ತು.

ಇಲ್ಲಿ ಎಲ್ಲಾದರೂ ಕೆಲಸ ಸಿಗುತ್ತದೆಯೋ ನೋಡುತ್ತಿದ್ದೇನೆ. ಕೇಳಿದ ಕಡೆಯಲ್ಲೆಲ್ಲ, ಸರ್ಕಾರದವರೇ ಬೇಡ ಎಂದವನನ್ನು ನಾವು ಹೇಗಪ್ಪ ಇಟ್ಟುಕೊಳ್ಳೋದು ಎನ್ನುತ್ತಾರೆ. ಊರಿಗೆ ಬರುವುದಿಲ್ಲ.

ನೀಲಕಂಠ


ಕಗ್ಗಲಕೊಪ್ಪಲು
ತಾ. ೨೭-೯-೧೯೫೪

ನೀಲಕಂಠ,

ಹುಣಸೂರಿನ ವಿಳಾಸ ನೀನು ಬರೆದಿಲ್ಲ. ಮುದ್ದಯ್ಯನಿಗೆ ಹೇಳಿಕಳಿಸಿ ತಿಳಿದುಕೊಂಡೆ.

ಅಂಗೈ ಒಡ್ಡಿದ್ದು ನಮ್ಮಿಬ್ಬರಲ್ಲೇ ಇರಲಿ ಎಂದಿದ್ದೆ. ಅದನ್ನೇ ಬೀದಿಗೆ ಹಾಕಿದೆ. ಕ್ಷಮಿಸು ಎಂದು ಬರೆಯಲು ನನಗೆ ಬರುವುದಿಲ್ಲ, ಅಯ್ಯ ಅದನ್ನು ಕಲಿಸಲಿಲ್ಲ. ಏನು ಮಾಡಿದೆ ಎಂದು ಬರೆಯುತ್ತೇನೆ.

ನಿನ್ನ ಕಾಗದ ಬಂದ ಮಾರನೆಯ ದಿನವೇ ದೊಡ್ಡ ಸಾಹೇಬರ ಕಚೇರಿಗೆ ಹೋದೆ. ಈ ಸಲ ಬಾಳೆಹಣ್ಣು ಒಯ್ಯಲಿಲ್ಲ, ಬೆನ್ನೂ ಬಗ್ಗಿಸಲಿಲ್ಲ. "ಸ್ವಾಮಿ, ನಾನು ಅವತ್ತೇಳಿದ್ದು ಬೇಡೋ ಮಾತು. ನಮ್ಮೂರ್ನಾಗೆ ಎಲ್ರೂ ಅಂಗೇ ಬೇಡದು. ಅವ್ನು ಉಣ್ತಾನೆ, ಉಡ್ತಾನೆ, ಸುತ್ತಿಗೇನೂ ಒಡೀತಾನೆ. ನಿಮ್ಮ ಕಣ್ಣಾರೆ ನೋಡಿದ್ರಲ್ಲ, ಅದನ್ನ ಬುಟ್ಟು ಮುದುಕಿ ಮಾತು ಯಾಕೆ ಇಡ್ಕಂಡ್ರಿ?" ಅಂದೆ.

ಅವರು ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸುಖವಾಗುತ್ತಿತ್ತು. ಮಾಡಿಕೊಳ್ಳಲಿಲ್ಲ. "ನಿಮ್ಮ ಸಂಕಟ ನನಗೆ ಅರ್ಥವಾಗುತ್ತೆ ಅಜ್ಜಿ. ಅವತ್ತು ನೀವು ಮನಸ್ಸು ಬಿಚ್ಚಿ ನಿಜ ಹೇಳಿದಿರಿ. ಇವತ್ತು ಕೆಲಸ ಹೋಯ್ತು ಅಂತ ಹೀಗೆ ಹೇಳ್ತಿದ್ದೀರಿ" ಎಂದರು. ನಾನು ಬಯ್ದೆ. ನನಗೆ ಬರುವುದನ್ನೆಲ್ಲ ಬಯ್ದೆ. ಜವಾನ ಬಂದು ಮೆಲ್ಲಗೆ ತೋಳು ಹಿಡಿದು ಕರೆದುಕೊಂಡು ಹೋಗಿ ಹೊರಗೆ ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟ. ನೀನು ಕೂತಿದ್ದ ಬೆಂಚೂ ಅಂಥದೇ ಇರಬೇಕು. ಅಲ್ಲಿ ಕೂತರೆ ಬಾಯಿಯ ಮಾತಿಗೆ ಬೆಲೆ ಇಲ್ಲ ಎಂದು ಗೊತ್ತಾಯಿತು.

ಎಂಥ ಗೌಡನಿಗಾದರೂ ಗೊತ್ತಿರುವುದು ಆ ಓದಿದವನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಯಾತಕ್ಕೂ ಬಾರದವನು ಎಂದು ಒಂದು ಸಲ ಅಂದರೆ ನಂಬುತ್ತಾರೆ. ಬರುತ್ತಾನೆ ಎಂದು ಎಷ್ಟು ಕೂಗಿದರೂ ಪಾಪ ಎನ್ನುತ್ತಾರೆ.

ಮನೆಗೆ ಬಂದು ಎಡಗೈಯನ್ನು ಸೊಂಟಕ್ಕೆ ಬಿಗಿದು ಕಟ್ಟಿಸಿಕೊಂಡೆ. ಶಿವನಂಜಪ್ಪ ನನಗೆ ತಲೆ ಕೆಟ್ಟಿತು ಎಂದುಕೊಂಡ. ಹಾಗೇ ಕಸ ಗುಡಿಸಿದೆ. ನೀರು ಸೇದಲು ಆಗಲಿಲ್ಲ, ಆಮೇಲೆ ಹಗ್ಗವನ್ನು ಕಾಲಲ್ಲಿ ಒತ್ತಿಹಿಡಿದು ಸೇದಿದೆ. ಮುದ್ದೆ ತೊಳಸಿದೆ, ಗಂಟಾಯಿತು, ತಿಂದೆವು. ಮಾರನೆಯ ಬೆಳಗ್ಗೆ ಲಿಂಗವನ್ನು ಮೊಣಕಾಲ ಮೇಲೆ ಇಟ್ಟುಕೊಂಡೆ. ಬೀಳಲಿಲ್ಲ. ಇಷ್ಟು ಸುಲಭದ್ದಕ್ಕೆ ನಾನು ದಿನಾ ನಿನ್ನ ಮುಂದೆ ಅಂಗೈ ಒಡ್ಡಿ, ಇವನಿಗೆ ನಾನಲ್ಲದೆ ಯಾರು ಎಂದುಕೊಳ್ಳುತ್ತಾ ಕೂತಿದ್ದೆ. ನನ್ನ ಖುಷಿಗೆ ನೀನು ಬೇಡ ಎನ್ನಲಿಲ್ಲ. ಆ ಸಾಹೇಬರ ಕಣ್ಣು ಒದ್ದೆಯಾದದ್ದೂ ಅಂಥದೇ ಖುಷಿಗೆ ಇರಬೇಕು.

ದೀಪಾವಳಿಗೆ ಬಾ. ಅಂಗೈ ಒಡ್ಡುವುದಿಲ್ಲ, ಜಗಲಿಯಲ್ಲಿ ಕೂರು ಎನ್ನುವುದಿಲ್ಲ. ಹಿತ್ತಲಿನಲ್ಲಿ ಹುಣಸೆ ಕೊರಡು ಸೀಳದೆ ಬಿದ್ದಿವೆ. ಕೊಡಲಿ ಪಕ್ಕದಲ್ಲೇ ಇದೆ.

ಪುಟ್ಟಮಲ್ಲಮ್ಮ


ಕಗ್ಗಲಕೊಪ್ಪಲು
ತಾ. ೧೪-೬-೧೯೫೫

ನೀಲಕಂಠ,

ದೀಪಾವಳಿ ಆಯಿತು, ಶಿವರಾತ್ರಿ ಆಯಿತು. ಈ ಕಾರ್ಡನ್ನು ಮುದ್ದಯ್ಯನ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನು ಎಲ್ಲಿದ್ದೀಯ ಎಂದರೆ ಅವನು ಮಜ್ಜಿಗೆ ಲೋಟದೊಳಗೆ ನೋಡುತ್ತಾನೆ. ಕೇಳುವುದನ್ನು ಬಿಟ್ಟಿದ್ದೇನೆ.

ಮುಂಗಾರು ಹಿಡಿಯುವ ಮೊದಲು ಶಿವನಂಜಪ್ಪ ಆ ಕೊರಡು ಸೀಳಲು ಹೋದ. ಮುಟ್ಟಬೇಡ ಅಂದೆ. "ನೆಂದೋಯ್ತದೆ ಕಣವ್ವ" ಅಂದ. ನೆನೆಯಲಿ ಅಂದೆ. ಈಗ ನೆನೆದಿವೆ. ಒಣ ಸೌದೆ ಮುಗಿದು ಪುಳ್ಳೆಯಲ್ಲಿ ಒಲೆ ಹಚ್ಚುತ್ತಿದ್ದೇನೆ. ಮನೆಯೆಲ್ಲ ಹೊಗೆ.

ಕೊಡಲಿಗೆ ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚಿ ಇಟ್ಟಿದ್ದೇನೆ.

ಅಜ್ಜಿ